ಕೂತು ತಿಂದ ಕಾಲ

ಗೌನಿಪಲ್ಲಿಯಲ್ಲಿ ಈಗ ಹಸಿದವನಿಗೆ ಕೊರತೆಯೇನೂ ಇಲ್ಲ. ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿದರೆ ಬೇಕರಿ. ಪಕ್ಕದಲ್ಲೇ ಚಾಟ್ಸ್ ಗಾಡಿ. ಸಂಜೆಯಾದರೆ ಗೋಬಿ, ಫ್ರೈಡ್ ರೈಸ್ ಹುರಿಯುವ ಬಾಣಲೆಯ ಸದ್ದು. ಭಾನುವಾರ ಬಿರಿಯಾನಿ ಪಾತ್ರೆಯ ಮುಚ್ಚಳ ತೆಗೆದರೆ ಬೀದಿಯೆಲ್ಲ ಘಮಘಮ. ದುಡ್ಡು ಕೊಟ್ಟು, ಇಲ್ಲವೇ ಫೋನು ತೋರಿಸಿ ಐದು ನಿಮಿಷ ನಿಂತರೆ ಕೈಗೆ ಕವರು ಬಂದುಬಿಡುತ್ತದೆ. ಕವರು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡವನು ಬೈಕು ಒದ್ದು ಹೊರಟುಬಿಡುತ್ತಾನೆ. ನಾಲ್ಕು ಜನ ಗೆಳೆಯರು ಒಂದು ಮೇಜು ಹಿಡಿದು, ಎರಡು ದೋಸೆ, ಎರಡು ಬೈಟು ಕಾಫಿಯ ಲೆಕ್ಕದಲ್ಲಿ ಒಂದು ತಾಸು ಹರಟುತ್ತಿದ್ದ ಹೋಟೆಲುಗಳು ಮಾತ್ರ ನಮ್ಮ ಕಡೆ ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿವೆ.

ಬೆಂಗಳೂರಿನಲ್ಲಿ ಹಳೆಯ ಹೋಟೆಲೊಂದು ಮುಚ್ಚಿದರೆ ಅದು ಸುದ್ದಿ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಜಾಗ ಖಾಲಿ ಮಾಡಿದಾಗ ಪತ್ರಿಕೆಗಳು ಪುಟಗಟ್ಟಲೆ ಬರೆದವು. 1954ರಲ್ಲಿ ಶುರುವಾದ ಮಲ್ಲೇಶ್ವರದ ನ್ಯೂ ಕೃಷ್ಣ ಭವನ್ 2023ರ ಡಿಸೆಂಬರ್‌ನಲ್ಲಿ ಕೊನೆಯ ತಟ್ಟೆ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ತಿಂದು ಬಂದರು. ಶ್ರೀನಿವಾಸಪುರ, ಮುಳಬಾಗಿಲು, ಮಾಲೂರಿನ ಹಳ್ಳಿಗಳಲ್ಲಿ ಹೋಟೆಲು ಮುಚ್ಚಿದಾಗ ಯಾರೂ ಬರೆಯುವುದಿಲ್ಲ. ಒಂದು ದಿನ ಬಾಗಿಲು ತೆರೆಯುವುದಿಲ್ಲ, ಅಷ್ಟೆ. ಮುಂದಿನ ತಿಂಗಳು ಅಲ್ಲೇ ಮೊಬೈಲ್ ಅಂಗಡಿಯೋ ಗೊಬ್ಬರದ ಅಂಗಡಿಯೋ ಬಂದಿರುತ್ತದೆ.

ಗೌನಿಪಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಊರು, ಆಂಧ್ರದ ಗಡಿಗೆ ಹತ್ತಿರ. ಆ ಕಡೆ ಮದನಪಲ್ಲಿ, ಈ ಕಡೆ ಶ್ರೀನಿವಾಸಪುರ, ಪಕ್ಕಕ್ಕೆ ಚಿಂತಾಮಣಿ. 2007ರಲ್ಲಿ ಕೋಲಾರ ಜಿಲ್ಲೆ ಒಡೆದು ಚಿಂತಾಮಣಿ ಚಿಕ್ಕಬಳ್ಳಾಪುರದ ಪಾಲಾದರೂ ಸಂತೆಗೆ, ಸಂಬಂಧಕ್ಕೆ, ಸಿನಿಮಾಕ್ಕೆ ಆ ಗೆರೆ ತಾಗಲಿಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಕೆಲವು ಮನೆಗಳಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಹೋಟೆಲಿನಲ್ಲಿ ಮೂರೂ ಒಂದೇ ಮೇಜಿನ ಮೇಲೆ. ಒಬ್ಬ ತೆಲುಗಿನಲ್ಲಿ ಕೇಳಿದ್ದಕ್ಕೆ ಇನ್ನೊಬ್ಬ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ, ಮೂರನೆಯವನು ಉರ್ದುವಿನಲ್ಲಿ ನಕ್ಕು ಮಾತು ಮುಗಿಸುತ್ತಿದ್ದ. ಯಾರಿಗೂ ಅದು ವಿಶೇಷ ಅನ್ನಿಸುತ್ತಿರಲಿಲ್ಲ.

ಹೋಟೆಲು ಅಂದರೆ ಎಂಥದು? ಮುಂದೆ ತಗಡಿನ ಚಪ್ಪರ, ಒಳಗೆ ಹೊಗೆ ಕುಡಿದು ಕಂದುಬಣ್ಣಕ್ಕೆ ತಿರುಗಿದ ಗೋಡೆ. ನಾಲ್ಕೋ ಐದೋ ಮೇಜು, ಉದ್ದನೆಯ ಬೆಂಚು. ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟ, ಊದಿನಕಡ್ಡಿ. ಗೋಡೆಯಲ್ಲಿ ಬಣ್ಣದ ಅಕ್ಷರದ ಸೂಚನೆಗಳು: ರಾಜಕೀಯ ಮಾತನಾಡಬಾರದು, ತಟ್ಟೆಯಲ್ಲಿ ಕೈ ತೊಳೆಯಬಾರದು, ಸಾಲ ಕೇಳಬಾರದು. ಈ ಮೂರನ್ನೂ ಮುರಿಯದವನು ನಮ್ಮ ಗುಂಪಿನಲ್ಲಿ ಒಬ್ಬನೂ ಇರಲಿಲ್ಲ. ಸಾಲದ ವಿಷಯವಂತೂ ಯಜಮಾನರೇ ಮುರಿಯುತ್ತಿದ್ದರು. ಗಲ್ಲಾದ ಕೆಳಗಿನ ಉದ್ದನೆಯ ಪುಸ್ತಕದಲ್ಲಿ ಊರಿನ ಅರ್ಧ ಜನರ ಹೆಸರು ಇರುತ್ತಿತ್ತು. “ಬರ್ಕೊಳ್ಳಿ ಅಣ್ಣಾ” ಅಂದರೆ ಆಯಿತು. ಮಾವಿನ ಕಾಲಕ್ಕೋ ರೇಷ್ಮೆಗೂಡು ಮಾರಿದ ಮೇಲೋ ಆ ಹೆಸರಿನ ಮೇಲೆ ಅಡ್ಡಗೆರೆ ಬೀಳುತ್ತಿತ್ತು.

ಒಳಗೆ ನೀಲಗಿರಿ ಸೌದೆಯ ಒಲೆ. ಅದರ ಮೇಲೆ ಕಬ್ಬಿಣದ ದಪ್ಪ ಕಾವಲಿ. ಭಟ್ಟರು ನೀರು ಚಿಮುಕಿಸಿ ತೆಂಗಿನ ಪೊರಕೆಯಿಂದ ಒಂದು ಸಲ ಗುಡಿಸಿದರೆ ಚುಂಯ್ ಅನ್ನುವ ಸದ್ದಿಗೇ ನಮ್ಮ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಹಿಟ್ಟು ಸುರಿದು, ಬಟ್ಟಲಿನ ತಳದಿಂದ ಸುತ್ತ ಎಳೆದು, ಮೇಲೆ ಎಣ್ಣೆ ಬಿಟ್ಟು, ಕೆಂಪು ಚಟ್ನಿ ಸವರುವ ಆ ಕೈ ಒಮ್ಮೆಯೂ ಅವಸರ ಮಾಡಿದ್ದು ನೋಡಿಲ್ಲ. ಎಷ್ಟು ಜನ ಕಾದಿದ್ದರೂ ಕಾವಲಿಯ ಮೇಲೆ ಹಿಡಿಸುವಷ್ಟೇ ದೋಸೆ. ಕಾಯುವವರು ಕಾಯಬೇಕು, ಕಾಯುವಾಗ ಮಾತಾಡಬೇಕು. ಮಸಾಲೆ ದೋಸೆಗಿಂತ ನಮ್ಮ ಗೆಳೆತನಕ್ಕೆ ಉಪಕಾರ ಮಾಡಿದ್ದು ದೋಸೆ ಬರುವುದು ತಡವಾಗುತ್ತಿದ್ದದ್ದು.

ಕೋಲಾರ ಸೀಮೆಗೆ ತನ್ನದೇ ನಾಲಿಗೆ ಇದೆ. ಮುಳಬಾಗಿಲಿನ ದೋಸೆ ಒಂದು ಕಡೆ ಗರಿ, ಇನ್ನೊಂದು ಕಡೆ ಮೆತ್ತಗೆ, ಒಳಗೆ ಬೆಳ್ಳುಳ್ಳಿ ಖಾರ. ಅದರ ಹೆಸರು ಹೊತ್ತ ಹೋಟೆಲುಗಳು ಬೆಂಗಳೂರಿನಲ್ಲೂ ಓಡುತ್ತಿವೆ. ಬಂಗಾರಪೇಟೆಯ ಪಾನಿಪುರಿಗೆ ಹಸಿರು ಪಾನಿ ಇಲ್ಲ. ನೀರಿನಂತೆ ತಿಳಿಯಾದ ಪಾನಿ ಬಾಯಿಗೆ ಬಿದ್ದಾಗಲೇ ಅದರ ಖಾರ ಗೊತ್ತಾಗುವುದು. ಗಡಿಯ ನಮ್ಮ ಹೋಟೆಲುಗಳಲ್ಲಿ ಇಡ್ಲಿಯ ಜೊತೆಗೆ ಕಡಲೆಕಾಯಿ ಬೀಜದ ಚಟ್ನಿ. ತೆಂಗಿನಕಾಯಿ ದುಬಾರಿ, ಕಡಲೆಕಾಯಿ ಹೊಲದಲ್ಲೇ ಬೆಳೆಯುವ ಊರಿಗೆ ಅದೇ ಸಹಜ. ಹುರಿದ ಬೀಜ, ಒಣಮೆಣಸಿನಕಾಯಿ, ಒಂಚೂರು ಹುಣಸೆ ಹಾಕಿ ರುಬ್ಬಿದ ಆ ಚಟ್ನಿ ತಟ್ಟೆಯಲ್ಲಿ ಹರಿಯುತ್ತಿರಲಿಲ್ಲ, ಇಟ್ಟ ಕಡೆ ನಿಲ್ಲುತ್ತಿತ್ತು. ಎರಡನೇ ಸಲಕ್ಕೆ ಚಟ್ನಿ ಕೇಳಿದರೆ ಸಪ್ಲೈಯರ್ ಹುಡುಗ ಗಲ್ಲಾದ ಕಡೆ ಒಮ್ಮೆ ನೋಡಿ ಹಾಕುತ್ತಿದ್ದ. ಮೂರನೇ ಸಲಕ್ಕೆ ನೋಡದೆಯೇ ಹಾಕಿ ಹೋಗುತ್ತಿದ್ದ.

ಕಾಫಿಯದೇ ಇನ್ನೊಂದು ಕಥೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಬೈಟು ಪದ್ಧತಿ ಇಡೀ ಕರ್ನಾಟಕದ್ದು. ನಮ್ಮಲ್ಲಿ ಎರಡು ಕಾಫಿ ತರಿಸಿ ಮೂವರು ಕುಡಿಯುವುದೂ ಇತ್ತು. ಹಂಚುವವನು ಗುಂಪಿನಲ್ಲಿ ಯಾವಾಗಲೂ ಒಬ್ಬನೇ. ಅವನ ಕಣ್ಣಳತೆ ಎಲ್ಲರಿಗೂ ಒಪ್ಪಿಗೆ. ಲೋಟ ಎತ್ತಿ ಹಿಡಿದು ನೊರೆಯನ್ನೂ ಸಮನಾಗಿ ಬೀಳಿಸುತ್ತಿದ್ದ. ಜೇಬಿನಲ್ಲಿ ಇನ್ನೊಂದು ಕಾಫಿಗೆ ದುಡ್ಡಿದ್ದರೂ ಬೈಟು ಹೇಳುತ್ತಿದ್ದೆವು. ಇಡೀ ಲೋಟ ಒಬ್ಬನೇ ಕುಡಿದರೆ ಬೇಗ ಮುಗಿದು ಎದ್ದು ಹೋಗಬೇಕಾಗುತ್ತದೆ. ಅರ್ಧ ಲೋಟ ಮುಗಿದರೆ ಇನ್ನೊಂದು ಬೈಟು ಹೇಳಿ ಮತ್ತೆ ಕೂರಬಹುದು.

ನಮ್ಮ ಕಡೆ ಹೋಟೆಲಿಗೆ ಹೋಗಲು ಬೇಸಾಯದ ಕಾರಣಗಳೇ ಹೆಚ್ಚು. ಗೂಡು ಮಾರಿ ಬಂದವನು ಗೆಳೆಯರಿಗೆ ತಿಂಡಿ ಕೊಡಿಸಲೇಬೇಕು. ಶಿಡ್ಲಘಟ್ಟದಲ್ಲೋ ಚಿಂತಾಮಣಿಯಲ್ಲೋ ಒಳ್ಳೆಯ ರೇಟು ಸಿಕ್ಕಿದ್ದರೆ ಮಸಾಲೆ ದೋಸೆ, ರೇಟು ಬಿದ್ದಿದ್ದರೆ ಖಾಲಿ ದೋಸೆ. ಅವನು ಏನು ಆರ್ಡರ್ ಮಾಡುತ್ತಾನೆ ಎನ್ನುವುದರಲ್ಲೇ ಮಾರುಕಟ್ಟೆಯ ಸುದ್ದಿ ತಿಳಿಯುತ್ತಿತ್ತು. ಮೇ ತಿಂಗಳು ಬಂತೆಂದರೆ ಮಾವು. ಶ್ರೀನಿವಾಸಪುರದ ಮಂಡಿಗಳಲ್ಲಿ ಬಾದಾಮಿ, ರಸಪುರಿ, ನೀಲಂ, ತೋತಾಪುರಿಯ ರಾಶಿ. ರಾತ್ರಿಯಿಡೀ ಲೋಡು ಮಾಡುವ ಕೂಲಿಗಳು, ಲಾರಿ ಡ್ರೈವರುಗಳು, ದಲ್ಲಾಳಿಗಳು, ತೋಟ ಗುತ್ತಿಗೆ ಹಿಡಿದವರು. ಆ ಎರಡು ಮೂರು ತಿಂಗಳು ಸುತ್ತಲಿನ ಹೋಟೆಲುಗಳ ಒಲೆ ಆರುತ್ತಲೇ ಇರಲಿಲ್ಲ.

ಎಲ್ಲಕ್ಕಿಂತ ನೆನಪಿನಲ್ಲಿ ಉಳಿದದ್ದು ಬೋರ್‌ವೆಲ್ ದಿನಗಳು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಕೆರೆಗಳು ಬತ್ತಿದ ಮೇಲೆ ರೈತ ನೆಲ ಕೊರೆಯಲು ಶುರುಮಾಡಿದ. ತಿರುಚೆಂಗೋಡಿನ ಲಾರಿ ಬಂದು ಹೊಲದಲ್ಲಿ ನಿಂತರೆ ಮನೆಯವರ ಜೊತೆ ಗೆಳೆಯರೂ ರಾತ್ರಿಯೆಲ್ಲ ಕಾಯುತ್ತಿದ್ದರು. ನೀರು ಬಿದ್ದರೆ ಬೆಳಗ್ಗೆ ಮೈಯೆಲ್ಲ ಕೆಸರಾದವರು ಹಾಗೇ ಹೋಟೆಲಿಗೆ ಬಂದು ಎಲ್ಲರಿಗೂ ಕೇಸರಿಬಾತ್ ಹೇಳುತ್ತಿದ್ದರು. ಸಾವಿರ ಅಡಿ ದಾಟಿದರೂ ಬರೀ ದೂಳು ಬಂದಿದ್ದರೆ, ಅವತ್ತು ದುಡ್ಡು ಕೊಡುವವನು ಗೆಳೆಯ. ಸಾಲ ಮಾಡಿ ಕೊರೆಸಿದವನ ಮುಂದೆ ಇಡ್ಲಿ ತಟ್ಟೆ ಇಟ್ಟು, “ತಿನ್ನಪ್ಪ, ಮೊದಲು ತಿನ್ನು” ಎನ್ನುವುದು ಬಿಟ್ಟು ಬೇರೆ ಮಾತು ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಮುಖ ತೋರಿಸುವ ಮುಂಚೆ ಅವನಿಗೆ ಒಂದರ್ಧ ತಾಸು ಕೂರಲು ಜಾಗ ಬೇಕಿತ್ತು. ಆ ಜಾಗ ಹೋಟೆಲು.

ಮಾತಿಗೇನು ಬರವೇ? ಪ್ರಜಾವಾಣಿಯ ಹಾಳೆಗಳು ಬಿಡಿಬಿಡಿಯಾಗಿ ಮೇಜಿನಿಂದ ಮೇಜಿಗೆ ಹೋಗುತ್ತಿದ್ದವು. ಮುಖಪುಟ ಒಬ್ಬನ ಕೈಯಲ್ಲಿ, ಆಟದ ಪುಟ ಇನ್ನೊಬ್ಬನ ಕೈಯಲ್ಲಿ. ಗೋಡೆಯ ಸೂಚನೆ ಏನೇ ಇರಲಿ, ಮಾತು ಹೊರಳುವುದು ರಾಜಕೀಯಕ್ಕೇ. ಶ್ರೀನಿವಾಸಪುರ ಕ್ಷೇತ್ರದಲ್ಲಿ ದಶಕಗಳಿಂದ ಇಬ್ಬರದೇ ಜಗಳ: ಕೆ.ಆರ್. ರಮೇಶ್ ಕುಮಾರ್, ಜಿ.ಕೆ. ವೆಂಕಟಶಿವಾರೆಡ್ಡಿ. ಜನರ ಬಾಯಲ್ಲಿ ಸ್ವಾಮಿ, ರೆಡ್ಡಿ. ಪಕ್ಷಗಳು ಬದಲಾದವು, ಚಿಹ್ನೆಗಳು ಬದಲಾದವು, ಇವರಿಬ್ಬರು ಬದಲಾಗಲಿಲ್ಲ. ಒಂದು ಸಲ ಇವರು, ಇನ್ನೊಂದು ಸಲ ಅವರು. 2013 ಮತ್ತು 2018ರಲ್ಲಿ ರಮೇಶ್ ಕುಮಾರ್ ಸತತವಾಗಿ ಗೆದ್ದು ಆ ಸರದಿ ಮುರಿದರೆ, 2023ರಲ್ಲಿ ವೆಂಕಟಶಿವಾರೆಡ್ಡಿ ಮತ್ತೆ ಬಂದರು. ಮೇಜಿನ ಈ ಕಡೆ ಸ್ವಾಮಿಯ ಕಡೆಯವರು, ಆ ಕಡೆ ರೆಡ್ಡಿಯ ಕಡೆಯವರು. ದನಿ ಏರುತ್ತಿತ್ತು, ಮೇಜು ಗುದ್ದುತ್ತಿದ್ದರು, ಲೋಟ ಉರುಳುತ್ತಿತ್ತು. “ಸಾಕು ಬಿಡ್ರಪ್ಪಾ, ಗಿರಾಕಿಗಳು ಓಡೋಗ್ತಾರೆ” ಎಂದು ಯಜಮಾನರು ಗಲ್ಲಾದಿಂದಲೇ ಕೂಗುತ್ತಿದ್ದರು. ಬಿಲ್ಲು ಕೊಡುವ ಹೊತ್ತಿಗೆ ಮಾತ್ರ ಎರಡೂ ಕಡೆಯವರು “ನಾನು ಕೊಡ್ತೀನಿ”, “ಬೇಡ, ನಾನು” ಎಂದು ಜಗಳವಾಡುತ್ತಿದ್ದರು. ಒಂದೇ ಬೆಂಚಿನಲ್ಲಿ ಕೂತು ತಿಂದವರು ಊರೊಳಗೆ ಹೋಗಿ ಕಲ್ಲು ಹೊಡೆದಾಡುವುದು ಕಷ್ಟ.

1996ರ ಮಾರ್ಚ್ 9 ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ಹೋಟೆಲಿನ ಕಪ್ಪುಬಿಳುಪು ಟೀವಿಯ ಮುಂದೆ ಕಾಲಿಡಲು ಜಾಗವಿಲ್ಲ. ಕರೆಂಟು ಕೈಕೊಟ್ಟರೆ ಇರಲಿ ಎಂದು ಯಾರೋ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದಿಟ್ಟಿದ್ದರು. ಆಮಿರ್ ಸೊಹೇಲ್ ಬೌಂಡರಿ ಹೊಡೆದು ಬ್ಯಾಟು ತೋರಿಸಿದ. ನಮ್ಮ ವೆಂಕಟೇಶ್ ಪ್ರಸಾದ್ ಮುಂದಿನ ಎಸೆತದಲ್ಲೇ ಅವನ ಸ್ಟಂಪು ಹಾರಿಸಿದ. ಹಿಂದೂಗಳು, ಮುಸ್ಲಿಮರು, ಸ್ವಾಮಿಯವರು, ರೆಡ್ಡಿಯವರು ಎಲ್ಲ ಒಟ್ಟಿಗೆ ಎದ್ದು ಕುಣಿದ ರಭಸಕ್ಕೆ ಒಂದು ಬೆಂಚಿನ ಕಾಲು ಮುರಿಯಿತು. ಯಜಮಾನರು ಬೈಯಲಿಲ್ಲ. ಭಾರತ 39 ರನ್ನಿನಿಂದ ಗೆದ್ದ ಮೇಲೆ ಎಲ್ಲರಿಗೂ ಬಿಟ್ಟಿ ಟೀ ಕೊಡಿಸಿದರು. ಮುರಿದ ಬೆಂಚಿಗೆ ಇಟ್ಟಿಗೆ ಜೋಡಿಸಿ ಆಮೇಲೆ ಎಷ್ಟೋ ಕಾಲ ಅದರ ಮೇಲೇ ಕೂತೆವು.

ಭಾನುವಾರಕ್ಕೆ ಮಿಲ್ಟ್ರಿ ಹೋಟೆಲು. ಬಿಸಿ ಮುದ್ದೆ, ಬೋಟಿ, ತಲೆಮಾಂಸ, ಕಾಲು ಸೂಪು. ಎಲೆಯ ಮುಂದೆ ಕೂತರೆ ಮಾತು ತಾನೇ ಕಡಿಮೆಯಾಗುತ್ತಿತ್ತು. ಗುಂಪಿನಲ್ಲಿ ಮೊಟ್ಟೆಯನ್ನೂ ಮನೆಯೊಳಗೆ ತರದ ಮನೆತನದವರು ಒಬ್ಬಿಬ್ಬರು ಇದ್ದೇ ಇರುತ್ತಿದ್ದರು. ಅವರು ಬಾಗಿಲಿಗೆ ಬೆನ್ನು ಹಾಕಿ ಮೂಲೆಯಲ್ಲಿ ಕೂರುತ್ತಿದ್ದರು. ತಿಂದಾದ ಮೇಲೆ ಸೋಂಪು ಅಗಿದು, ಅದೂ ಸಾಲದೆಂದು ಎಲೆಯಡಿಕೆ ಹಾಕಿಕೊಂಡು ಮನೆಗೆ ಹೊರಡುತ್ತಿದ್ದರು. ಆ ಗುಟ್ಟುಗಳನ್ನು ಕಾಪಾಡಿದ ಗೆಳೆಯರು ಇಂದಿಗೂ ಬಾಯಿ ಬಿಟ್ಟಿಲ್ಲ. ನಾನೂ ಬಿಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಈ ಮೇಜಿನ ಮುಂದೆ ಎಲ್ಲರಿಗೂ ಜಾಗ ಇರಲಿಲ್ಲ. ನಮ್ಮ ಸೀಮೆಯ ಎಷ್ಟೋ ಹಳ್ಳಿ ಹೋಟೆಲುಗಳಲ್ಲಿ ಕಾಲೋನಿಯವರಿಗೆ ಬೇರೆ ಲೋಟ. ಅದನ್ನು ಹೊರಗಿನ ಗೂಡಿನಲ್ಲಿ ಇಟ್ಟಿರುತ್ತಿದ್ದರು. ಅವರು ಹೊರಗೇ ನಿಂತು ಕುಡಿದು, ತಾವೇ ತೊಳೆದು ಇಟ್ಟು ಹೋಗಬೇಕಿತ್ತು. ಅಂಗಡಿ, ಹೋಟೆಲುಗಳಿಗೆ ಹೋಗದಂತೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ಸಂವಿಧಾನದ 15ನೇ ವಿಧಿ 1950ರಿಂದಲೇ ಹೇಳುತ್ತಿದೆ. 1955ರಲ್ಲಿ ಅಸ್ಪೃಶ್ಯತೆ ಆಚರಿಸಿದವರಿಗೆ ಶಿಕ್ಷೆ ಕೊಡುವ ಕಾನೂನೂ ಬಂತು. ಆದರೂ ಆ ಲೋಟಗಳು ಗೂಡು ಬಿಟ್ಟು ಒಳಗೆ ಬರಲು ದಶಕಗಳು ಬೇಕಾದವು. ದಲಿತ ಸಂಘರ್ಷ ಸಮಿತಿಯ ಕಾಲದಲ್ಲಿ ಕೋಲಾರ ಜಿಲ್ಲೆಯ ಹುಡುಗರು ಹಾಡು ಹಾಡುತ್ತ ಹಳ್ಳಿಹಳ್ಳಿಗೆ ಹೋದರು. ಒಳಗೆ ಬಂದು ಕೂತು ಕಾಫಿ ಕೇಳುವುದೇ ಒಂದು ಹೋರಾಟವಾಗಿದ್ದ ದಿನಗಳವು.

ನಮ್ಮ ಗುಂಪಿನಲ್ಲೂ ಕಾಲೋನಿಯ ಗೆಳೆಯನಿದ್ದ. ಶಾಲೆಯಲ್ಲಿ ಒಂದೇ ಬೆಂಚು. ಆದರೆ ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಅವನಿಗೆ ಜಗಲಿಯವರೆಗೆ ಮಾತ್ರ ಪ್ರವೇಶ. ಅಜ್ಜಿ ಇದ್ದ ಮನೆಯಲ್ಲಂತೂ ಅಂಗಳವೇ ಗಡಿ. ಅವನನ್ನು ಮನೆಗೆ ಕರೆದು ಜೊತೆಯಲ್ಲಿ ಉಣ್ಣುವ ಧೈರ್ಯ ನಮಗೆ ಆ ವಯಸ್ಸಿನಲ್ಲಿ ಬರಲಿಲ್ಲ. ಹೋಟೆಲಿನಲ್ಲಿ ಬಂತು. ಅವನ ದೋಸೆಯ ಪಲ್ಯಕ್ಕೆ ನಾವು ಕೈ ಹಾಕಿದೆವು, ನಮ್ಮ ಲೋಟದ ಕಾಫಿ ಅವನಿಗೆ ಬೈಟು ಆಯಿತು. ಮನೆಯಲ್ಲಿ ಆಗದ್ದು ನಲವತ್ತು ಹೆಜ್ಜೆ ಆಚೆಗೆ ಆಯಿತು. ಮೊದಮೊದಲು ಕೆಲವರು ದುರುಗುಟ್ಟಿ ನೋಡಿದರು, ಒಬ್ಬಿಬ್ಬರು ಎದ್ದೂ ಹೋದರು. ಆಮೇಲೆ ಅದೂ ಅಭ್ಯಾಸವಾಯಿತು. ಹಳ್ಳಿಯ ಹೋಟೆಲು ಹೋಯಿತೆಂದು ನಾನು ಕೊರಗುವುದು ದೋಸೆಯ ರುಚಿಗಿಂತ ಹೆಚ್ಚಾಗಿ ಈ ಕಾರಣಕ್ಕೆ. ದೇವಸ್ಥಾನ, ಮನೆ, ಮದುವೆಯ ಪಂಕ್ತಿ ಎಲ್ಲಕ್ಕೂ ಜಾತಿಯ ಲೆಕ್ಕವಿದ್ದ ಊರಿನಲ್ಲಿ ಬೇರೆ ಬೇರೆ ಬೀದಿಯ ಗೆಳೆಯರು ಒಟ್ಟಿಗೆ ಕೂತು ಉಣ್ಣಬಹುದಾಗಿದ್ದ ಮೇಜು ಅದೊಂದೇ. ಅದನ್ನು ಜಗಳವಾಡಿ ಗಳಿಸಿದವರು ಬೇರೆಯವರು, ಅನುಭವಿಸಿದವರು ನಾವು.

ಹೆಣ್ಣುಮಕ್ಕಳಿಗೆ ಅಷ್ಟೂ ಸಿಗಲಿಲ್ಲ. ಸಂತೆಗೆ ಬಂದ ಹೆಂಗಸರು ಗಂಡನ ಹಿಂದೆ ಬಂದು, ಪರದೆಯ ಹಿಂದಿನ ಫ್ಯಾಮಿಲಿ ರೂಮಿನಲ್ಲಿ ತಲೆ ತಗ್ಗಿಸಿ ತಿಂದು ಹೋಗುತ್ತಿದ್ದರು. ನಾಲ್ಕು ಜನ ಗೆಳತಿಯರು ತಾವೇ ಬಂದು ಮೇಜು ಹಿಡಿದದ್ದನ್ನು ನಮ್ಮ ಹಳೆಯ ಹೋಟೆಲಿನಲ್ಲಿ ನಾನು ಕಂಡೇ ಇಲ್ಲ. ಇವತ್ತು ಕಾಲೇಜು ಬಿಟ್ಟ ಹುಡುಗಿಯರು ಚಾಟ್ಸ್ ಗಾಡಿಯ ಸುತ್ತ ನಿಂತು, ಯಾರ ಹಂಗೂ ಇಲ್ಲದೆ ನಗುತ್ತ ಪಾನಿಪುರಿ ತಿನ್ನುವುದನ್ನು ನೋಡಿದರೆ ಹೊಸ ಕಾಲವನ್ನು ಬೈಯಲು ಬಾಯಿ ಬರುವುದಿಲ್ಲ. ಅವರಿಗೂ ನಿಲ್ಲುವ ಜಾಗದ ಜೊತೆಗೆ ಕೂರುವ ಜಾಗ ಸಿಗಬೇಕಿತ್ತು ಅನ್ನಿಸುತ್ತದೆ, ಅಷ್ಟೆ.

ಹಾಗಾದರೆ ಹೋಟೆಲು ಯಾಕೆ ಹೋಯಿತು? ಒಂದೇ ಕಾರಣ ಹೇಳಲಾಗದು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರುಮಾಡಿದರು. ನಿಂತು ತಿನ್ನುವುದು, ಸ್ವಂತ ಕೈಯಲ್ಲೇ ತಟ್ಟೆ ಹಿಡಿಯುವುದು, ಕಡಿಮೆ ಬೆಲೆ, ಶುಚಿ. ಆಫೀಸಿಗೆ ಓಡುವ ನಗರಕ್ಕೆ ಅದು ವರವೇ. ನಿಧಾನಕ್ಕೆ ಆ ಎತ್ತರದ ಮೇಜು ತಾಲ್ಲೂಕು ಕೇಂದ್ರಗಳಿಗೂ ಬಂತು. ಓಡುವ ಅವಸರವಿಲ್ಲದ ಊರೂ ನಿಂತು ತಿನ್ನುವುದನ್ನು ಕಲಿಯಿತು. ನಿಂತವನು ಎಷ್ಟು ಹೊತ್ತು ಹರಟಿಯಾನು?

ಇನ್ನೊಂದು, ಹುಡುಗರೇ ಊರಲ್ಲಿಲ್ಲ. ಓದಿದವರು ಬೆಂಗಳೂರಿಗೆ ಹೋದರು. ಉಳಿದವರಲ್ಲಿ ಎಷ್ಟೋ ಜನರನ್ನು ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಸೆಳೆದುಕೊಂಡವು. 2013ರಲ್ಲಿ ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಬಂತು, ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆ ಬಂತು. ಬೆಳಗಿನ ಜಾವ ಕಂಪನಿ ಬಸ್ಸು ಬಂದು ಕ್ರಾಸಿನಲ್ಲಿ ನಿಲ್ಲುತ್ತದೆ. ಒಬ್ಬ ಗೆಳೆಯ ಬೆಳಗಿನ ಶಿಫ್ಟು, ಇನ್ನೊಬ್ಬ ರಾತ್ರಿ ಶಿಫ್ಟು. ತಿಂಡಿ ಊಟ ಕ್ಯಾಂಟೀನಿನಲ್ಲಿ. ಸಂಬಳ ಬರುತ್ತದೆ, ಮನೆ ನಡೆಯುತ್ತದೆ, ಅದರ ಬಗ್ಗೆ ದೂರಿಲ್ಲ. ಆದರೆ ಇಬ್ಬರಿಗೂ ಒಟ್ಟಿಗೆ ಬಿಡುವಾಗುವ ಸಂಜೆ ವಾರದಲ್ಲಿ ಒಂದೂ ಇಲ್ಲ.

ಮೂರನೆಯದು 2020. ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಹೋಟೆಲುಗಳು ಬಾಗಿಲು ಹಾಕಿದವು. ಜೂನ್ 8ರಂದು ಒಳಗೆ ಕೂತು ತಿನ್ನಲು ಮತ್ತೆ ಅನುಮತಿ ಸಿಗುವವರೆಗೆ ಪಾರ್ಸಲ್ ಒಂದೇ ಗತಿ. ಆ ಎರಡು ಚಿಲ್ಲರೆ ತಿಂಗಳಲ್ಲಿ ಮಾಲೀಕರಿಗೆ ಒಂದು ಲೆಕ್ಕ ಹೊಳೆಯಿತು. ಪಾರ್ಸಲ್ ಕೊಟ್ಟರೆ ತಟ್ಟೆ ತೊಳೆಯುವ ಆಳು ಬೇಡ, ಮೇಜು ಒರೆಸುವ ಹುಡುಗ ಬೇಡ. ಕೂತು ಬೈಟು ಕುಡಿಯುವ ಗಿರಾಕಿಗಿಂತ ಕವರು ಹಿಡಿದು ಹೋಗುವ ಗಿರಾಕಿಯೇ ಲಾಭ. ಆ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಕಮರ್ಷಿಯಲ್ ಗ್ಯಾಸಿನ ಬೆಲೆ, ಕಾಫಿಪುಡಿಯ ಬೆಲೆ, ಟ್ಯಾಂಕರ್ ನೀರಿನ ಬೆಲೆ ಎಲ್ಲ ಅವರ ತಲೆಯ ಮೇಲೇ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಹಾಲಿನ ಜಿಲ್ಲೆಯಲ್ಲೇ ಕಾಫಿ ದುಬಾರಿ. ಭಟ್ಟರಿಗೆ ವಯಸ್ಸಾಯಿತು. ಮಕ್ಕಳು ಎಂಜಿನಿಯರಿಂಗ್ ಓದಿದರು. ಹೊಗೆಯ ಮುಂದೆ ಬೆಳಗಿನ ನಾಲ್ಕಕ್ಕೆ ನಿಲ್ಲುವ ಕೆಲಸ ಮಗನಿಗೆ ಬೇಡವೆಂದು ಅವರೇ ಬಯಸಿದ್ದು.

ಕೊನೆಯದಾಗಿ, ಮಾತೇ ಜಾಗ ಬದಲಾಯಿಸಿತು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರಗಿನ ತೋತಾಪುರಿ ಮಾವನ್ನು ಒಳಗೆ ಬಿಡುವುದಿಲ್ಲ ಎಂದು ಆದೇಶ ಮಾಡಿತು. ಇಲ್ಲಿಯ ಹಣ್ಣು ಹೋಗುತ್ತಿದ್ದದ್ದೇ ಆ ಕಡೆಯ ಪಲ್ಪ್ ಕಾರ್ಖಾನೆಗಳಿಗೆ. ಶ್ರೀನಿವಾಸಪುರದಲ್ಲಿ ಬಂದ್ ಆಯಿತು, ಮುಖ್ಯಮಂತ್ರಿಗಳು ಪತ್ರ ಬರೆದರು. ಹಿಂದಿನ ಕಾಲವಾಗಿದ್ದರೆ ಗಡಿಯ ಹೋಟೆಲುಗಳಲ್ಲಿ ಇದು ತಿಂಗಳುಗಟ್ಟಲೆ ಮಾತಾಗುತ್ತಿತ್ತು. ಆ ಕಡೆಯ ರೈತನೂ ಈ ಕಡೆಯ ರೈತನೂ ಒಂದೇ ಬೆಂಚಿನಲ್ಲಿ ಕೂತು ಬೈದಾಡಿಕೊಂಡು, ಆಮೇಲೆ ಇಬ್ಬರೂ ಸೇರಿ ಕಾರ್ಖಾನೆಯವರನ್ನು ಬೈಯುತ್ತಿದ್ದರು. ಈ ಸಲ ವಾಟ್ಸ್‌ಆ್ಯಪಿನಲ್ಲಿ ವೀಡಿಯೊಗಳು ಹರಿದಾಡಿದವು. ನಮ್ಮ ಗ್ರೂಪಿನಲ್ಲಿ ಹೆಬ್ಬೆಟ್ಟಿನ ಗುರುತುಗಳು ಸಾಲಾಗಿ ಬಿದ್ದವು. ಎದುರಿಗೆ ಕೂತವನ ಮುಖ ನೋಡಿ ಮಾತು ಮೆತ್ತಗೆ ಮಾಡುವ ಅಭ್ಯಾಸ ಅಲ್ಲಿ ಯಾರಿಗೂ ಬೇಕಾಗುವುದಿಲ್ಲ.

ಹಳೆಯ ಗೆಳೆಯರು ಈಗ ಸೇರುವುದು ಮದುವೆಗೋ ತಿಥಿಗೋ. ಪಂಕ್ತಿಯಲ್ಲಿ ಪಕ್ಕಪಕ್ಕ ಕೂರುವುದೂ ಅಪರೂಪ. ಒಬ್ಬನಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬನಿಗೆ ಬೆಂಗಳೂರಿನ ಟ್ರಾಫಿಕ್ ಭಯ. “ಒಂದು ದಿನ ಸೇರೋಣ ಕಣೋ” ಎಂದು ಹೇಳಿ ಕಾರು ಹತ್ತುತ್ತಾರೆ. ಎಲ್ಲಿ ಸೇರುವುದು ಎನ್ನುವ ಪ್ರಶ್ನೆ ಯಾರೂ ಎತ್ತುವುದಿಲ್ಲ. ಮೊದಲು ಆ ಪ್ರಶ್ನೆಯೇ ಇರಲಿಲ್ಲ. ಬಸ್‌ಸ್ಟಾಂಡಿನ ಹತ್ತಿರ ಬಂದು ಹೋಟೆಲಿನೊಳಗೆ ಕಣ್ಣು ಹಾಯಿಸಿದರೆ ಯಾರಾದರೊಬ್ಬ ಇದ್ದೇ ಇರುತ್ತಿದ್ದ. ಹೇಳಿ ಕೇಳಿ, ದಿನ ಗೊತ್ತುಮಾಡಿ ಭೇಟಿಯಾಗುವುದು ನಂಟರಿಗೆ. ಗೆಳೆಯರು ಸುಮ್ಮನೆ ಸಿಗಬೇಕು. ಸುಮ್ಮನೆ ಸಿಗಲು ಒಂದು ಜಾಗ ಬೇಕು.

ಸರ್ಕಾರದವರು ಇಂದಿರಾ ಕ್ಯಾಂಟೀನ್ ಮಾಡಿದರು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಹಸಿದವರಿಗೆ ಅದು ದೊಡ್ಡ ಆಸರೆ, ಅಂಥವು ಇನ್ನೂ ಹೆಚ್ಚಲಿ. ಆದರೆ ಹರಟೆಗೆ ಯೋಜನೆ ಮಾಡುವ ಸರ್ಕಾರ ಇಲ್ಲ, ಇರಬೇಕಾಗಿಯೂ ಇಲ್ಲ. ಅದು ಊರಿನವರೇ ಉಳಿಸಿಕೊಳ್ಳಬೇಕಾದದ್ದು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇಂದಿನವರೆಗೆ ನಡೆದಿದ್ದರೆ ಅದಕ್ಕೆ ದೋಸೆಯೊಂದೇ ಕಾರಣವಲ್ಲ, ಬಾಗಿಲಲ್ಲಿ ಕಾದು ಒಳಗೆ ಕೂತು ತಿನ್ನುವ ಜನ ಕಾರಣ.

ಆದ್ದರಿಂದ ಓದುಗರಲ್ಲಿ ನನ್ನದು ಸಣ್ಣ ಕೋರಿಕೆ. ನಿಮ್ಮ ಊರಿನಲ್ಲೋ, ಹೋಬಳಿಯಲ್ಲೋ, ಬಸ್‌ಸ್ಟಾಂಡಿನ ಹಿಂದಿನ ಗಲ್ಲಿಯಲ್ಲೋ ಬೆಂಚು ಹಾಕಿದ ಹಳೆಯ ಹೋಟೆಲು ಇನ್ನೂ ಒಲೆ ಹಚ್ಚುತ್ತಿದ್ದರೆ, ವಾರಕ್ಕೊಂದು ಸಲ ಇಬ್ಬರು ಗೆಳೆಯರನ್ನು ಎಳೆದುಕೊಂಡು ಹೋಗಿ. ನಿಮ್ಮ ಬೀದಿಯವರಲ್ಲದ ಒಬ್ಬನಾದರೂ ಜೊತೆಗಿರಲಿ. ಹೆಂಡತಿ, ಮಗಳು, ತಂಗಿಯರಿಗೂ ಅವರ ಗೆಳತಿಯರ ಜೊತೆ ಹೋಗಿ ಬನ್ನಿ ಎನ್ನಿ. ಫೋನು ಜೇಬಿನಲ್ಲಿರಲಿ. ದೋಸೆ ತಡವಾದರೆ ಕೂಗಾಡಬೇಡಿ. ಒಂದು ತಾಸು ಕೂತಿದ್ದಕ್ಕೆ ಸರಿಯಾಗಿ ಎರಡು ತಿಂಡಿ ಹೆಚ್ಚಿಗೆ ಹೇಳಿ, ಹುಡುಗನ ಕೈಗೆ ನಾಲ್ಕು ಕಾಸು ಇಡಿ. ಪಾರ್ಸಲ್ ಮಾತ್ರ ಕೇಳಬೇಡಿ. ಕೂರುವವರು ಇದ್ದರೆ ಬೆಂಚು ಇರುತ್ತದೆ. ಇಲ್ಲದಿದ್ದರೆ ಅದನ್ನು ಎತ್ತಿಡಲು ಮಾಲೀಕನಿಗೆ ಅರ್ಧ ದಿನವೂ ಬೇಡ.